ನಮ್ಮವರ ವಿರುದ್ಧ ಒಂದು ಕೈ

ಹೋದ ವಾರ ಬೇಲೂರಿನಿಂದ ಹಳೇಬೀಡಿಗೆ ಬಸ್ಸಿನಲ್ಲಿ ಹೊರಟಿದ್ದೆ. ನನ್ನ ಜೊತೆ ಟೀಚರಾಗಿದ್ದ ಗೆಳತಿಯೊಬ್ಬಳ ಮಗಳಿಗೆ ಸೀಮಂತ. ಊರು ಹತ್ತಿರವಾಗುತ್ತಿದ್ದಂತೆ ಕಂಡಕ್ಟರು ಹಿಂದಕ್ಕೆ ತಿರುಗಿ, “ದೇವಸ್ಥಾನದ ಹತ್ರ ಇಳಿಯೋರು ಯಾರ್ಯಾರ್ರೀ?” ಎಂದು ಕೂಗಿದರು. ಕೆಲವರು “ನಾನು” ಎಂದರು, ಕೆಲವರು ಚೀಲ ಹಿಡಿದು ಎದ್ದರು. ನಾನು ಬಲಗೈಯನ್ನು ಕಿವಿಗೆ ತಾಗುವಂತೆ ನೆಟ್ಟಗೆ ಮೇಲೆತ್ತಿ ಕೂತೆ. ಎತ್ತಿದ್ದು ಸರಿ, ಇಳಿಸಲೂ ಇಲ್ಲ. ಕಂಡಕ್ಟರು ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು. ಆಮೇಲೆ, “ಅಮ್ಮಾವ್ರೇ, ಕೈ ಇಳಿಸ್ರೀ, ವೋಟೇನೂ ಇಲ್ಲ,” ಎಂದರು. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಪಾಪ, ಅವರಿಗೇನು ಗೊತ್ತು? ನನಗೆ ಕೈ ಎತ್ತುವುದು ಅಂದರೆ ಎಣಿಸಿ ಮುಗಿಯುವವರೆಗೆ ಇಳಿಸದೆ ಇರುವುದು. ನಾನು ಬ್ಯಾಪ್ಟಿಸ್ಟ್ ಕ್ರೈಸ್ತರ ಮನೆಯಲ್ಲಿ ಹುಟ್ಟಿದವಳು.

ಅರಸೀಕೆರೆಯಲ್ಲಿ ರೈಲು ಹಳಿಗೆ ಬೆನ್ನು ಮಾಡಿಕೊಂಡು ನಿಂತಿರುವ ಹೆಂಚಿನ ಮಾಡಿನ ಪುಟ್ಟ ಚರ್ಚು ನಮ್ಮದು. ನನ್ನ ತಾತನ ಕಾಲದಲ್ಲಿ ಆಂಧ್ರದ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದ ಕೆಲವು ಕುಟುಂಬಗಳು ಸೇರಿ ಕಟ್ಟಿದ್ದು. ಗೂಡ್ಸ್ ಗಾಡಿ ಹಾದು ಹೋಗುವಾಗ ಪಾಸ್ಟರು ಉಪದೇಶವನ್ನು ವಾಕ್ಯದ ಮಧ್ಯದಲ್ಲೇ ನಿಲ್ಲಿಸಿ, ಕೊನೆಯ ಡಬ್ಬಿ ಹೋದಮೇಲೆ ಅದೇ ಪದದಿಂದ ಮುಂದುವರಿಸುತ್ತಾರೆ. ಉದ್ದದ ಗಾಡಿ ಬಂದ ದಿನ ನಾವು ಮಕ್ಕಳು ಒಳಗೊಳಗೇ ದೇವರಿಗೆ ಸ್ತೋತ್ರ ಹೇಳುತ್ತಿದ್ದೆವು.

ನಮಗೆ ಮೇಲೆ ಬಿಷಪ್ಪರಿಲ್ಲ. ಇಂಥ ಪಾಸ್ಟರನ್ನು ಇಟ್ಟುಕೊಳ್ಳಿ, ಇಂಥವರನ್ನು ಕಳಿಸಿ ಎಂದು ಹೇಳುವ ದೊಡ್ಡ ಕಚೇರಿಯೂ ಇಲ್ಲ. ಬೇರೆ ಊರುಗಳ ನಮ್ಮಂಥ ಚರ್ಚುಗಳ ಜೊತೆ, ಸಭೆ ಎನ್ನುತ್ತೇವೆ ನಾವು, ನೆಂಟಸ್ತನ ಇದೆ, ಹೋಗಿ ಬಂದು ಮಾಡುತ್ತೇವೆ, ಆದರೆ ಯಾರ ಮಾತೂ ನಮ್ಮ ಮೇಲೆ ನಡೆಯುವುದಿಲ್ಲ. ನಮ್ಮ ಸಭೆಯ ವಿಷಯವನ್ನು ನಮ್ಮ ಸಭೆಯ ಸದಸ್ಯರೇ ಪ್ರಾರ್ಥನೆ ಮಾಡಿ, ಮಾತಾಡಿ, ಕೈ ಎತ್ತಿ ತೀರ್ಮಾನಿಸಬೇಕು. ರೈಲ್ವೆಯ ದೊಡ್ಡ ಅಧಿಕಾರಿಗೂ ಒಂದೇ ಕೈ, ಪ್ಲಾಟ್‌ಫಾರಂ ಗುಡಿಸುವವಳಿಗೂ ಒಂದೇ ಕೈ. ಪಾಸ್ಟರನ್ನು ಕರೆಸುವುದೂ ಹಾಗೆಯೇ. ಅದಕ್ಕೇ ನಮ್ಮ ಪಾಸ್ಟರುಗಳು ಬಹಳ ವಿನಯವಂತರು.

ಇದು ಕೇಳಲು ಚೆನ್ನಾಗಿದೆ. ನಡೆಸುವುದು ಎಷ್ಟು ಕಷ್ಟ ಎಂಬುದು ತಿಂಗಳ ಮೊದಲನೆಯ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಮೀಟಿಂಗಿನಲ್ಲಿ ಕೂತವರಿಗೇ ಗೊತ್ತು. ಒಂದು ಸಲ ಗೋಡೆಗೆ ಕೆನೆ ಬಣ್ಣವೋ ತಿಳಿನೀಲಿಯೋ ಎಂಬ ಪ್ರಶ್ನೆ ಬಂತು. ಕೆನೆಯವರು ಸತ್ಯವೇದದಿಂದ, ಅಂದರೆ ಬೈಬಲ್ಲಿನಿಂದ, ವಚನ ತೆಗೆದರು. ನೀಲಿಯವರೂ ತೆಗೆದರು. ಮೊದಲನೆಯ ಸಲ ಕೈಗಳು ಸಮಸಮ ಬಂದವು. ಮುಂದಿನ ತಿಂಗಳು ನೀಲಿ ಗೆದ್ದಿತು. ಆದರೆ ಅಷ್ಟರಲ್ಲಿ ಕೆನೆಯವರಲ್ಲೊಬ್ಬರು ಹುಮ್ಮಸ್ಸಿನಲ್ಲಿ ಒಂದು ಗೋಡೆಗೆ ಬಳಿದೇಬಿಟ್ಟಿದ್ದರು. ಬಳಿದದ್ದನ್ನು ಕೆರೆಯಬೇಕೇ ಎಂಬುದಕ್ಕೆ ಇನ್ನೊಂದು ಮೀಟಿಂಗು. ಈಗಲೂ ನಮ್ಮ ಚರ್ಚಿನಲ್ಲಿ ಮೂರು ಗೋಡೆ ನೀಲಿ, ಒಂದು ಗೋಡೆ ಕೆನೆ. ಹೊಸಬರು ಬಂದು, “ಎಷ್ಟು ಚೆನ್ನಾಗಿ ಡಿಸೈನ್ ಮಾಡಿಸಿದೀರಾ,” ಎನ್ನುತ್ತಾರೆ. ನಾವು ಹೂಂ ಎನ್ನುತ್ತೇವೆ.

ನಮ್ಮಪ್ಪ ರೈಲ್ವೆ ಗಾರ್ಡ್ ಆಗಿದ್ದರು. ಹಸಿರು ಬಾವುಟ ಬೀಸಿ ಬೀಸಿ ಅವರ ತೋಳು ಗಟ್ಟಿಯಾಗಿತ್ತು, ಮೀಟಿಂಗಿನಲ್ಲಿ ಎಲ್ಲರಿಗಿಂತ ಮೊದಲು ಎತ್ತುತ್ತಿದ್ದವರೂ ಅವರೇ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ನಮಗೆ ಹಳೆಯ ಕಥೆ ಹೇಳುತ್ತಿದ್ದರು. ಬಹಳ ಹಿಂದೆ ಇಂಗ್ಲೆಂಡಿನಲ್ಲಿ ಕೆಲವರು, ಕೂಸಿಗೆ ನಂಬುವುದು ಗೊತ್ತಿಲ್ಲ, ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ಎಂದರಂತೆ. ರಾಜನ ಚರ್ಚು ಬೇರೆ, ನಮ್ಮ ಚರ್ಚು ಬೇರೆ ಎಂದರಂತೆ. ರಾಜನಿಗೆ ಸಿಟ್ಟು ಬಂತು. ಕೆಲವರು ಜೈಲಿಗೆ ಹೋದರು, ಕೆಲವರು ಹಡಗು ಹತ್ತಿ ಹಾಲೆಂಡಿಗೆ ಓಡಿದರು. ಅಲ್ಲಿ ಹೊಸ ತಾಪತ್ರಯ. ಎಲ್ಲರಿಗೂ ಹೊಸದಾಗಿ ದೀಕ್ಷಾಸ್ನಾನ ಆಗಬೇಕು, ಆದರೆ ಅದನ್ನು ಪಡೆದವರು ಯಾರೂ ಇಲ್ಲ, ಕೊಡುವವರು ಯಾರು? ಕೊನೆಗೆ ಅವರ ಮುಂದಾಳು ತನ್ನ ತಲೆಗೆ ತಾನೇ ನೀರು ಹುಯ್ದುಕೊಂಡನಂತೆ! ಈ ಜಾಗ ಬಂದಾಗ ಅಪ್ಪ ನೀರಿನ ಲೋಟವನ್ನು ತಲೆಯ ಮೇಲೆ ಹಿಡಿದು ತೋರಿಸುತ್ತಿದ್ದರು. ಅಮ್ಮ, “ಚೆಲ್ಲಿದ್ರೆ ನೀವೇ ಒರೆಸಬೇಕು,” ಎನ್ನುತ್ತಿದ್ದಳು.

“ನೋಡಮ್ಮ ಸುಗುಣ,” ಎಂದು ಅಪ್ಪ ಕಥೆ ಮುಗಿಸುತ್ತಿದ್ದರು, “ಒಬ್ಬರ ಮನಸ್ಸಾಕ್ಷಿಗೆ ಇನ್ನೊಬ್ಬರು ಬೀಗ ಹಾಕೋ ಹಾಗಿಲ್ಲ. ರಾಜನೂ ಹಾಕೋ ಹಾಗಿಲ್ಲ, ಅಪ್ಪನೂ ಹಾಕೋ ಹಾಗಿಲ್ಲ.”

ಈ ಮಾತನ್ನು ಹಿಡಿದುಕೊಂಡು ಹನ್ನೆರಡನೆಯ ವಯಸ್ಸಿನಲ್ಲಿ ನಾನು ದೀಕ್ಷಾಸ್ನಾನ ಬೇಕೆಂದು ಹಟ ಹಿಡಿದೆ. ನನ್ನ ಗೆಳತಿ ರೋಸಿ ಬೇರೆ ಸಭೆಯವಳು. ಅವರಲ್ಲಿ ಕೂಸಿದ್ದಾಗಲೇ ತಲೆಗೆ ನೀರು ಹಾಕಿಬಿಡುತ್ತಾರೆ. ಜಗಳವಾದಾಗಲೆಲ್ಲ ಅವಳು, “ನನಗೆ ಆಗಿದೆ, ನಿನಗೆ ಆಗೇ ಇಲ್ಲ,” ಎಂದು ಕುಣಿಯುತ್ತಿದ್ದಳು. ನಮ್ಮಲ್ಲಿ ಕೇಳಿದವರಿಗೆಲ್ಲ ಕೊಡುವುದಿಲ್ಲ. ಸಭೆಯ ಮುಂದೆ ನಿಂತು ಯಾಕೆ ಬೇಕು ಎಂದು ಸಾಕ್ಷಿ ಹೇಳಬೇಕು, ಸಭೆ ಕೈ ಎತ್ತಿ ಒಪ್ಪಬೇಕು. ಪಾಸ್ಟರು ಪ್ರೀತಿಯಿಂದ, “ಯಾಕಮ್ಮ ಬೇಕು?” ಎಂದರು. ನಾನು ಸತ್ಯವನ್ನೇ ಹೇಳಿದೆ: “ರೋಸಿಗೆ ಆಗಿದೆ, ಅದಕ್ಕೆ.”

ವಿರುದ್ಧವಾಗಿ ಎದ್ದ ಮೊದಲನೆಯ ಕೈ ಗಾರ್ಡ್ ಸಾಹೇಬರದು. ಅಪ್ಪ! ಒಂದು ವಾರ ನಾನು ಅವರ ಜೊತೆ ಮಾತು ಬಿಟ್ಟೆ. ಅವರು ಡ್ಯೂಟಿ ಮುಗಿಸಿ ಬರುವಾಗ ಬೀರೂರಿನಿಂದ ಚಕ್ಕುಲಿ ತಂದರು. ಚಕ್ಕುಲಿ ತಿಂದೆ, ಮಾತಾಡಲಿಲ್ಲ. ಅವರು ಕ್ಷಮೆಯನ್ನೇನೂ ಕೇಳಲಿಲ್ಲ. “ಚಕ್ಕುಲಿ ನನ್ನ ಮಗಳಿಗೆ. ಕೈ ಎತ್ತಿದ್ದು ರೋಸಿ ಸಮಾಚಾರಕ್ಕೆ,” ಎಂದರು.

ಹದಿನಾರಕ್ಕೆ ಮತ್ತೆ ಕೇಳಿದೆ. ಆಗ ರೋಸಿ ಮದರಾಸಿಗೆ ಹೋಗಿಯಾಗಿತ್ತು, ನನ್ನಲ್ಲಿ ಹೇಳಲು ನನ್ನದೇ ಕಾರಣಗಳಿದ್ದವು. ಎಲ್ಲ ಕೈಗಳೂ ಎದ್ದವು. ನಮ್ಮದು ಪೂರ್ತಿ ಮುಳುಗಿಸುವ ಸ್ನಾನ. ಚರ್ಚಿನಲ್ಲಿ ತೊಟ್ಟಿಯಿಲ್ಲ, ಆದ್ದರಿಂದ ಬಾಣಾವರದ ರಸ್ತೆಯಲ್ಲಿರುವ ರಂಗೇಗೌಡರ ತೆಂಗಿನ ತೋಟಕ್ಕೆ ಹೋಗುತ್ತೇವೆ. ಅವರು ನಮ್ಮ ಸಭೆಯವರಲ್ಲ, ಆದರೂ ಅವರಪ್ಪನ ಕಾಲದಿಂದ ನಮ್ಮವರೆಲ್ಲ ಮುಳುಗೆದ್ದಿರುವುದು ಅವರ ಪಂಪ್‌ಸೆಟ್ಟಿನ ತೊಟ್ಟಿಯಲ್ಲೇ. ನನ್ನ ದಿನ ಬಿಳಿ ಸೀರೆ ಉಟ್ಟು ಗಂಭೀರವಾಗಿ ಇಳಿದೆ. ಪಾಸ್ಟರು ಮುಳುಗಿಸಿ ಎಬ್ಬಿಸಿದರು. ಆ ಕ್ಷಣದಲ್ಲಿ ನನ್ನ ಮುಖ ಬೆಳಗಿತು ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ನಿಜ ಏನೆಂದರೆ ನನ್ನ ಸೆರಗಿನೊಳಗೆ ಒಂದು ಕಪ್ಪೆ ಸೇರಿಕೊಂಡಿತ್ತು. ಆದರೂ ಒಂದು ಮಾತು ಹೇಳಬೇಕು. ಆ ತಣ್ಣನೆಯ ನೀರಿನಿಂದ ಮೇಲೆ ಬಂದು ತೆಂಗಿನ ಗರಿಗಳ ನಡುವಿನ ಆಕಾಶ ನೋಡಿದಾಗ, ಇದನ್ನು ನನಗೆ ಯಾರೂ ಮಾಡಿಸಲಿಲ್ಲ, ನಾನೇ ಬಂದೆ ಎಂದು ಅನಿಸಿತು. ನನ್ನ ಬದುಕಿನಲ್ಲಿ ಅಷ್ಟು ಪೂರ್ತಿಯಾಗಿ ನನ್ನದಾದ ದಿನ ಇನ್ನೊಂದಿಲ್ಲ.

ಇನ್ನು ನಮ್ಮವರ ವಿಷಯಕ್ಕೆ ಬರುತ್ತೇನೆ. ನಮ್ಮವರು ಅಂದರೆ ದೇವಕುಮಾರ್, ಬಾಣಾವರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ಈಗ ನಿವೃತ್ತರು. ಅವರು ಹುಟ್ಟಿದ್ದು ಬಿಕ್ಕೋಡಿನ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ, ರೋಸಿಯ ಹಾಗೆ ಕೂಸಿಗೆ ನೀರು ಹಾಕುವ ಸಭೆಯಲ್ಲಿ. ಮದುವೆಗೆ ಅಪ್ಪನಿಂದ ಅಡ್ಡಿ ಬರಲಿಲ್ಲ. ಮದುವೆಯಾದ ಮುಂದಿನ ಭಾನುವಾರದಿಂದ ಅವರು ನನ್ನ ಜೊತೆ ನಮ್ಮ ಚರ್ಚಿಗೇ ಬರತೊಡಗಿದರು. ಮೂವತ್ತು ವರ್ಷಕ್ಕೂ ಹೆಚ್ಚಾಯಿತು. ಬಾಗಿಲು ತೆಗೆಯುವವರು ಅವರು, ಚಾಪೆ ಹಾಸುವವರು ಅವರು, ಗಟ್ಟಿ ಗಂಟಲಿನಲ್ಲಿ ಹಾಡಿ ನಮ್ಮೆಲ್ಲರ ಅಪಸ್ವರ ಮುಚ್ಚುವವರು ಅವರು. ಆದರೆ ಸದಸ್ಯರಲ್ಲ. ನಮ್ಮ ಸಭೆಯ ನಿಯಮದಲ್ಲಿ ನಂಬಿದ ಮೇಲೆ ಮುಳುಗಿದವರೇ ಸದಸ್ಯರು. ಅವರು ಮುಳುಗಲು ಒಪ್ಪಲಿಲ್ಲ. “ನನಗೆ ಆಗಿದೆ,” ಎಂದುಬಿಟ್ಟರು.

ಆದ್ದರಿಂದ ಮೊದಲನೆಯ ಭಾನುವಾರ ಪಾಸ್ಟರು, “ಸದಸ್ಯರಲ್ಲದವರು ದಯವಿಟ್ಟು ಹೊರಗೆ ಇರಬಹುದು,” ಎಂದ ಕೂಡಲೇ ನಮ್ಮವರು ಎದ್ದು ಮಕ್ಕಳ ಜೊತೆ ಹೊರಗೆ ಹೋಗುತ್ತಿದ್ದರು. ಹೊಂಗೆ ಮರದ ಕೆಳಗೆ ಕೂತು ಮಕ್ಕಳಿಗೆ ಕಡಲೆಕಾಯಿ ಬಿಡಿಸಿಕೊಡುತ್ತಾ ನೋಹನ ನಾವೆಯ ಉದ್ದ ಅಗಲದ ಲೆಕ್ಕ ಮಾಡಿಸುತ್ತಿದ್ದರು. ಒಳಗೆ ನಡೆಯುವುದರ ಬಗ್ಗೆ ಅವರಿಗೆ ಅಭಿಪ್ರಾಯವಿರಲಿಲ್ಲ ಎಂದುಕೊಳ್ಳಬೇಡಿ. ಮೀಟಿಂಗಿನ ಹಿಂದಿನ ದಿನವೆಲ್ಲ ನನಗೆ ಪಾಠ. ಬಣ್ಣದ ವಿಷಯದಲ್ಲಂತೂ ಅವರು ಕಟ್ಟಾ ಕೆನೆ. ನಾನು ನೀಲಿಗೆ ಎತ್ತಿ ಬಂದು, ಎರಡು ದಿನ ಸಪ್ಪೆ ಸಾರು ಮಾಡಿದ್ದೀಯ ಎಂದು ಅನ್ನಿಸಿಕೊಂಡೆ.

ಅಪ್ಪನ ಹಾಲೆಂಡಿನ ಕಥೆ ಕೇಳಿದ ದಿನ ನಮ್ಮವರು ಸುಮ್ಮನೆ ಉಪ್ಪಿಟ್ಟು ತಿಂದು ಮುಗಿಸಿ ಕೇಳಿದರು: “ಮಾವ, ಆತ ನೀರು ಹುಯ್ದುಕೊಂಡದ್ದು ಅಂದ್ರಲ್ಲ. ಮುಳುಗಿದ್ದಲ್ಲ ತಾನೇ?”

ಅಪ್ಪ ಲೋಟ ಕೆಳಗಿಟ್ಟರು. ಅಷ್ಟು ವರ್ಷ ಆ ಕಥೆ ಹೇಳಿದ್ದರೂ ಅವರಿಗೆ ಅದು ಹೊಳೆದಿರಲಿಲ್ಲ. ಕೊನೆಗೆ, “ಅದು ಮೊದಮೊದಲು ಕಣಯ್ಯ. ಆಮೇಲೆ ಬಂದವರು ಸರಿ ಮಾಡಿಕೊಂಡ್ರು,” ಎಂದರು. ಮಾವ ಅಳಿಯ ಇಬ್ಬರೂ ಬಹಳ ಹೊತ್ತು ನಕ್ಕರು. ನಮ್ಮವರು ಮಾತ್ರ ತೊಟ್ಟಿಗಿಳಿಯಲಿಲ್ಲ. ದೀಕ್ಷಾಸ್ನಾನಕ್ಕೆಂದು ತೋಟಕ್ಕೆ ಹೋದಾಗಲೆಲ್ಲ ರಂಗೇಗೌಡರು ಪಂಪ್ ಹಾಕಿ ಬಂದು, “ಏನ್ ಮೇಷ್ಟ್ರೇ, ಈ ಸಲವಾದ್ರೂ ಇಳೀತೀರಾ, ಇಲ್ಲ ಎಳನೀರೇ ಕೆತ್ಲಾ?” ಎಂದು ಕೇಳುವರು. ಮೇಷ್ಟ್ರಿಗೆ ಎಳನೀರೇ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಕಳೆದ ವರ್ಷ ಹೊಸ ಪಾಸ್ಟರು ಬಂದರು. ಹಾಸನದ ಕಡೆಯ ಹುಡುಗ, ಇನ್ನೂ ಮೀಸೆ ಸರಿಯಾಗಿ ನಿಂತಿಲ್ಲ. ಬಂದ ಒಂದೆರಡು ತಿಂಗಳಲ್ಲೇ, ನಮ್ಮ ಮಕ್ಕಳು ಭಾನುವಾರದ ಶಾಲೆಯಲ್ಲಿ ಕಲಿಯುವುದಕ್ಕಿಂತ ಹೊಂಗೆ ಮರದ ಕೆಳಗೆ ಹೆಚ್ಚು ಕಲಿಯುತ್ತಿದ್ದಾರೆ ಎಂಬುದನ್ನು ಗಮನಿಸಿದರು. ಮೇಷ್ಟ್ರೇ ಭಾನುವಾರದ ಶಾಲೆ ವಹಿಸಿಕೊಳ್ಳಲಿ ಎಂದರು. ಸದಸ್ಯರಲ್ಲದವರಿಗೆ ಆ ಕೆಲಸ ಕೊಡುವ ಹಾಗಿಲ್ಲ ಎಂದು ನಾವೆಲ್ಲ ಹೇಳಿದೆವು. ಹಾಗಾದರೆ ಸದಸ್ಯರಾಗಲಿ ಎಂದರು. ಮುಳುಗುವುದಿಲ್ಲವಲ್ಲ ಎಂದೆವು. ಆಗ ಆ ಹುಡುಗ ಮೀಟಿಂಗಿನಲ್ಲಿ ಎದ್ದು ನಿಂತು, ನಮ್ಮಂಥ ಕೆಲವು ಸಭೆಗಳಲ್ಲಿ ಕೂಸಿದ್ದಾಗ ಸ್ನಾನವಾದವರನ್ನೂ ಅವರ ಸಾಕ್ಷಿ ಕೇಳಿ ಹಾಗೆಯೇ ಸೇರಿಸಿಕೊಳ್ಳುತ್ತಾರೆ, ಮೇಷ್ಟ್ರ ವಿಷಯದಲ್ಲಿ ಮುಂದಿನ ತಿಂಗಳು ನಾವೂ ಕೈ ಎತ್ತಿ ನೋಡೋಣ ಎಂದರು.

ಹಿಂದಿನ ಬೆಂಚಿನಲ್ಲಿ ಕೋಲು ಟಕ್ಕೆಂದಿತು. ಎಲೀಸಮ್ಮ! ನಮ್ಮ ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳು, ರೈಲ್ವೆ ಗೇಟ್‌ಮನ್ ಆಗಿದ್ದವರ ವಿಧವೆ. ಅವಳ ಗಂಡ ಮುಚ್ಚಿದ ಗೇಟನ್ನು ಯಾರ ಶಿಫಾರಸಿಗೂ ತೆಗೆಯುತ್ತಿರಲಿಲ್ಲವಂತೆ, ಅದನ್ನು ಅವಳು ಮುಂದುವರಿಸಿಕೊಂಡು ಬಂದಿದ್ದಾಳೆ.

“ಆಗಾಕಿಲ್ಲ. ನಮ್ಮಪ್ಪದೀರು ಯಾಕ್ ಊರ್ ಬಿಟ್ರು, ಯಾಕ್ ಜೈಲಿಗೋದ್ರು? ಈ ನೀರಿಗೋಸ್ಕರಾನೇ,” ಎಂದಳು. ಜೈಲಿಗೆ ಹೋದವರು ಅವಳ ಅಪ್ಪನಲ್ಲ, ಸಮುದ್ರದಾಚೆಯ ಬೇರೆ ಯಾರೋ. ಆದರೆ ಎಲೀಸಮ್ಮನ ಲೆಕ್ಕದಲ್ಲಿ ಎಲ್ಲರೂ ಒಂದೇ ಮನೆಯವರು.

ಮಾರನೆಯ ದಿನ ನಮ್ಮವರು ಎಂದಿನಂತೆ ಅವಳ ಮನೆಗೆ ಹೋಗಿ ಕಣ್ಣಿಗೆ ಔಷಧಿ ಬಿಟ್ಟು ಬಂದರು. ನಾನೂ ಜೊತೆಗಿದ್ದೆ. ಕಣ್ಣು ಮುಚ್ಚಿಕೊಂಡೇ ಅವಳು, “ನನ್ ಮ್ಯಾಲೆ ಬೇಜಾರಾಯ್ತೇನಪ್ಪಾ?” ಎಂದಳು.

“ಇಲ್ಲ ಎಲೀಸಮ್ಮ. ಅಲ್ಲಾಡಬೇಡಿ, ಔಷಧಿ ಕೆನ್ನೆಗೆ ಹೋಗುತ್ತೆ.”

“ನೀನು ನನ್ ಮಗನಿಗಿಂತ ಹೆಚ್ಚು. ಆದ್ರೆ ಪ್ರೀತಿ ಬ್ಯಾರೆ, ನೀರು ಬ್ಯಾರೆ ಕಣಪ್ಪಾ.”

“ಅದೂ ಸರಿ,” ಎಂದರು ನಮ್ಮವರು, ಇನ್ನೊಂದು ಕಣ್ಣಿಗೆ ಬಿಡುತ್ತಾ.

ತೊಂದರೆ ಏನಾಯಿತೆಂದರೆ, ನನಗೂ ಎಲೀಸಮ್ಮ ಹೇಳಿದ್ದೇ ಸರಿ ಎನಿಸುತ್ತಿತ್ತು. ಊರವರಿಗೆಲ್ಲ ಸುಗುಣ ಟೀಚರಿಗೆ ಸಂತೋಷವಾಗಿರಬೇಕು ಎಂದು ಭಾವನೆ. ನನಗೆ ಊಟ ಸೇರದು. ನಂಬಿದವನು ತಾನಾಗಿ ನಡೆದು ಬಂದು ನೀರಿಗೆ ಇಳಿಯಬೇಕು ಎಂಬುದನ್ನು ನಾನು ಉಪ್ಪಿಟ್ಟಿನ ಜೊತೆ ನುಂಗಿ ಬೆಳೆದವಳು. ಆ ತೊಟ್ಟಿಯಿಂದ ನಾನು ಕಂಡ ಆಕಾಶ ಸುಳ್ಳಲ್ಲ. ನಮ್ಮವರು ಒಳಗೆ ಬರಲಿ ಎಂಬ ಆಸೆ ನನಗಿಲ್ಲವೇ? ಮೂವತ್ತು ವರ್ಷ ಅವರು ಎದ್ದು ಹೊರಗೆ ಹೋಗುವ ಬೆನ್ನನ್ನು ನೋಡಿದವಳು ನಾನು. ಆದರೆ ಈ ಬಾಗಿಲಿನಿಂದ ಬರಲಿ ಎಂದು ಹೇಳಲು ನನ್ನ ಕೈ ಏಳದು. ರೋಸಿಯ ಗಂಡನೋ ಇನ್ಯಾರೋ ಆಗಿದ್ದರೆ ಒಂದು ಕ್ಷಣವೂ ಯೋಚಿಸದೆ ವಿರುದ್ಧ ಎತ್ತುತ್ತಿದ್ದೆ. ಗಂಡ ಎಂಬ ಕಾರಣಕ್ಕೆ ಬೇರೆ ಮಾಡಿದರೆ ಅದೇನು ನ್ಯಾಯ?

ಮೀಟಿಂಗಿನ ದಿನ ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿಯೇಬಿಟ್ಟೆ. “ರೀ, ನಾನು ಇವತ್ತು ನಿಮ್ಮ ವಿರುದ್ಧ ಕೈ ಎತ್ತಬೇಕು ಅಂತಿದೀನಿ.”

ಅವರು ಕಾಫಿ ಒಂದು ಗುಟುಕು ಕುಡಿದು, “ಸಕ್ಕರೆ ಹಾಕಿಲ್ಲ,” ಎಂದರು.

ಸಕ್ಕರೆ ತಂದು ಹಾಕಿದೆ. ಎರಡು ಚಮಚ ಹೆಚ್ಚೇ ಬಿತ್ತು.

“ನಾನು ಹೇಳಿದ್ದು ಕೇಳಿಸ್ತಾ?”

“ಕೇಳಿಸ್ತು ಕಣೇ. ಎತ್ತು.”

“ನಿಮಗೆ ಬೇಜಾರಾಗಲ್ವಾ?”

“ನೋಡು,” ಎಂದರು, ತರಗತಿಯಲ್ಲಿ ದಡ್ಡ ಹುಡುಗರಿಗೆ ಹೇಳುವಷ್ಟು ಸಮಾಧಾನದಿಂದ, “ನೀನು ನನಗೋಸ್ಕರ ಎತ್ತಿದ್ರೆ ಅದು ನಿನ್ನ ಕೈ ಆಗಲ್ಲ, ನನ್ನದಾಗುತ್ತೆ. ಇಷ್ಟು ವರ್ಷ ವೋಟಿಲ್ಲದೆ ಇದ್ದೋನು ಈಗ ಹೆಂಡತಿದನ್ನ ಕದ್ದು ಹಾಕ್ತೀನಾ? ಬಣ್ಣದ ವಿಷಯದಲ್ಲೇ ನೀನು ನನ್ನ ಮಾತು ಕೇಳಲಿಲ್ಲ. ಆತ್ಮದ ವಿಷಯದಲ್ಲಿ ಕೇಳ್ತೀಯಾ?”

ಅಂದಿನ ಮೀಟಿಂಗಿಗೆ ಯಾರೂ ತಪ್ಪಿಸಿಕೊಂಡಿರಲಿಲ್ಲ. ಸಾಕ್ಷಿ ಹೇಳಲು ಅವರನ್ನು ಮುಂದೆ ಕರೆದರು. ಮೇಷ್ಟ್ರು ಬಿಳಿ ಅಂಗಿ ತೊಟ್ಟು, ಬೋರ್ಡಿಲ್ಲದ ತರಗತಿಗೆ ಬಂದವರಂತೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತರು.

ತಮ್ಮ ದೀಕ್ಷಾಸ್ನಾನದ ಕಥೆಯನ್ನೇ ಹೇಳಿದರು. ನನಗದು ಬಾಯಿಪಾಠ. ಅವರು ಹುಟ್ಟಿದಾಗ ಬಹಳ ಬಡಕಲು ಕೂಸಂತೆ, ಉಳಿಯುವುದಿಲ್ಲ ಎಂದು ಲೈನಿನವರೆಲ್ಲ ಹೇಳುತ್ತಿದ್ದರಂತೆ. ಅವರ ಸಭೆಯ ಪಾದ್ರಿ ಅಯ್ಯನವರು ಬೇಲೂರಿಗೆ ಬರುತ್ತಿದ್ದದ್ದು ಯಾವಾಗಲೋ ಒಮ್ಮೆ. ಅವರು ಬಂದಿದ್ದಾರೆಂದು ಗೊತ್ತಾದ ಕೂಡಲೇ ತಾಯಿ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಬಿಕ್ಕೋಡಿನಿಂದ ನಡೆದೇ ಹೊರಟಳು. ಬೇಲೂರು ಮುಟ್ಟುವಷ್ಟರಲ್ಲಿ ಆರಾಧನೆ ಮುಗಿದು ಅಯ್ಯನವರು ಹಾಸನದ ಬಸ್ಸಿನಲ್ಲಿ ಕೂತಾಗಿತ್ತು. ಬಸ್ಸು ಹೊರಡುತ್ತಿತ್ತು. ಅವಳು ಓಡಿ ಹೋಗಿ ಬಸ್ಸಿನ ಮುಂದೆ ಕೂತುಬಿಟ್ಟಳು. ಡ್ರೈವರು ಹಾರನ್ ಹೊಡೆದ, ಬೈದ, ಕೊನೆಗೆ ಇಳಿದು ಬಂದು ವಿಷಯ ಕೇಳಿದ. ಕೇಳಿ, ಬಸ್ಸಿನೊಳಗೆ ತಲೆ ಹಾಕಿ, “ಅಯ್ನೋರೇ, ಇಳೀರಿ ಸ್ವಾಮಿ, ನಿಮ್ ಕೆಲ್ಸ ಮುಗ್ಸಿ. ಆಮೇಲೆ ಹೋಗುವ,” ಎಂದ. ಹೋಟೆಲಿನ ಮಾಣಿ ಒಂದು ಲೋಟ ನೀರು ತಂದ. ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ, ಪ್ರಯಾಣಿಕರೆಲ್ಲ ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿರುವಾಗ, ನಮ್ಮವರ ತಲೆಗೆ ನೀರು ಬಿತ್ತು. ಕೂಸು ಕಿರುಚಿತು. ಡ್ರೈವರು, “ಗಂಟಲು ಗಟ್ಟಿ ಐತೆ, ಬದುಕ್ತದೆ,” ಎಂದ.

ಸಭೆಯವರೆಲ್ಲ ನಕ್ಕರು. ನಮ್ಮ ಮದುವೆಯಾದಂದಿನಿಂದ ಅವರು ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದಾರೆ. ಯಾವಾಗಲೂ ಆ ಡ್ರೈವರನ ಮಾತಿಗೆ ನಿಲ್ಲಿಸುತ್ತಾರೆ, ಎಲ್ಲರೂ ನಗುತ್ತಾರೆ, ಮುಗಿಯುತ್ತದೆ. ಅಂದು ನಿಲ್ಲಿಸಲಿಲ್ಲ.

“ಇದನ್ನ ನನಗೆ ಹೇಳಿದ್ದು ದೊಡ್ಡಮ್ಮ,” ಎಂದರು. “ನಾನು ಬದುಕಿದೆ, ಅಮ್ಮ ಉಳಿಯಲಿಲ್ಲ. ನನಗೆ ಅವಳ ಮುಖ ನೆನಪಿಲ್ಲ. ಫೋಟೋನೂ ಇಲ್ಲ. ನನ್ನಮ್ಮ ನನಗೋಸ್ಕರ ಮಾಡಿದ್ದು ಅಂತ ನನಗೆ ಗೊತ್ತಿರೋದು ಇದೊಂದೇ. ದೊಡ್ಡವನಾದ ಮೇಲೆ ನಾನೇ ಸತ್ಯವೇದ ಓದಿ, ನಾನೇ ನಂಬಿದೀನಿ. ಅದು ಯಾರೂ ಮಾಡಿಸಿದ್ದಲ್ಲ. ಆದ್ರೆ ಮತ್ತೆ ನೀರಿಗೆ ಇಳಿದ್ರೆ, ಆವತ್ತು ಆ ಬಸ್ಸಿನ ಮುಂದೆ ನಡೆದದ್ದು ಏನೂ ಅಲ್ಲ ಅಂತ ನನ್ನ ಬಾಯಲ್ಲಿ ಹೇಳಿದ ಹಾಗಾಗುತ್ತೆ. ಅದು ನನ್ನ ಕೈಲಾಗಲ್ಲ. ನೀವು ಬೇಡ ಅಂದ್ರೂ ನಾನು ಮುಂದಿನ ಭಾನುವಾರ ಬರ್ತೀನಿ. ಬಾಗಿಲು ತೆಗೀಬೇಕಲ್ಲ.”

ಹೀಗೆ ಹೇಳಿ, ಯಾರೂ ಹೇಳುವ ಮೊದಲೇ, ಅಭ್ಯಾಸದಂತೆ ಹೊರಗೆ ಹೋದರು.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ನಗುವಿನ ಆಚೆ ಏನಿದೆ ಎಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಪಾಸ್ಟರು ಪ್ರಾರ್ಥನೆ ಮಾಡಿದರು. ಒಂದು ಗೂಡ್ಸ್ ಗಾಡಿ ಬಂದು, ನಿಧಾನವಾಗಿ ಹೋಯಿತು. ಆಮೇಲೆ, “ಮೇಷ್ಟ್ರನ್ನು ಅವರ ಸಾಕ್ಷಿಯ ಮೇಲೆ ಸೇರಿಸಿಕೊಳ್ಳಲು ಒಪ್ಪುವವರು,” ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಸುತ್ತ ಬಟ್ಟೆ ಸರಭರ ಎನ್ನುವುದು ಕೇಳಿಸಿತು.

“ಒಪ್ಪದವರು.”

ಎತ್ತಿದೆ ನೋಡಿ. ಎಡಗೈಯಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಬಲಗೈ ಎತ್ತಿದೆ. ಅಳು ಬಂತೆಂದು ನನಗೆ ನಿಜವಾಗಿ ಕಂಡದ್ದು ಬದಲಾಗಿರಲಿಲ್ಲ, ಬೆಳಿಗ್ಗೆ ಅವರಿಗೆ ಹೇಳಿದ ಮಾತೂ ಇತ್ತು. ಹೇಗಿದ್ದರೂ ಎಲೀಸಮ್ಮನಿದ್ದಾಳೆ, ಇನ್ನೂ ನಾಲ್ಕೈದು ಹಳಬರಿದ್ದಾರೆ, ನಾನೊಬ್ಬಳೇ ಅಲ್ಲ ಎಂಬ ಧೈರ್ಯ. ಪಾಸ್ಟರು ನನ್ನನ್ನೇ ನೋಡುತ್ತಿದ್ದರು. ಯಾಕೆಂದು ಹಿಂದಕ್ಕೆ ತಿರುಗಿದೆ. ಇಡೀ ಚರ್ಚಿನಲ್ಲಿ ಎದ್ದಿದ್ದ ಕೈ ನನ್ನದೊಂದೇ. ಎಲೀಸಮ್ಮ ಎರಡು ಕೈಗಳನ್ನೂ ಕೋಲಿನ ಮೇಲೆ ಊರಿಕೊಂಡು ಕೂತಿದ್ದಳು.

“ಎಲೀಸಮ್ಮಾ!” ಎಂದೆ. ಮೀಟಿಂಗಿನಲ್ಲಿ ಹಾಗೆ ಕೂಗುವ ಹಾಗಿಲ್ಲ.

“ಏನ್ ಮಾಡ್ಲಿ ಕಣವ್ವಾ?” ಎಂದಳು. “ನಾವು ನಂಬಿ, ಆಮೇಲೆ ಮುಳುಗ್ದೋ. ಅವನಿಗೆ ನೀರು ಮೊದ್ಲು ಬಂತು, ನಂಬ್ಕೆ ಆಮೇಲ್ ಬಂತು. ಹಿಂದುಮುಂದಾಗೈತೆ, ಆದ್ರೆ ಎಲ್ಡೂ ಬಂದೈತಲ್ಲ. ಬಸ್ಸಿನ್ ಮುಂದೆ ಕೂತ್ಕಂಡ ಆ ತಾಯಿಗೆ ನನ್ ಕೈಲಿ ಇಲ್ಲ ಅನ್ನಾಕಾಗಲಿಲ್ಲ.”

ಪಾಸ್ಟರು ಮೆಲ್ಲಗೆ, “ಆಂಟಿ, ಬೇಕಾದ್ರೆ ಕೈ ಇಳಿಸಬಹುದು. ಎಲ್ಲರೂ ಒಪ್ಪಿದರು ಅಂತಲೇ ಬರೆದುಕೊಳ್ತೀನಿ,” ಎಂದರು.

“ಬೇಡ,” ಎಂದೆ, ಮೂಗು ಸೇದುತ್ತಾ. “ಎಣಿಸಿ.”

ಎಣಿಸಿದರು. ಒಂದು.

ಅವರನ್ನು ಒಳಗೆ ಕರೆದರು. ಅಂಗಿಯ ಮೇಲೆ ಕಡಲೆಕಾಯಿ ಸಿಪ್ಪೆಯಿತ್ತು. ಪಾಸ್ಟರು, “ಮೇಷ್ಟ್ರೇ, ಸಭೆ ನಿಮ್ಮನ್ನು ಸ್ವೀಕರಿಸಿದೆ. ಒಂದು ಕೈ ಬಿಟ್ಟು ಎಲ್ಲರೂ ಒಪ್ಪಿದ್ದಾರೆ,” ಎಂದರು. ನಮ್ಮವರು ನನ್ನ ಕಡೆ ನೋಡಲಿಲ್ಲ. ನೇರವಾಗಿ ಎಲೀಸಮ್ಮನ ಕಡೆ ನೋಡಿ, “ಒಂದೇನಾ? ನಾನು ಎರಡು ಅಂದ್ಕೊಂಡಿದ್ದೆ,” ಎಂದರು. ಚರ್ಚಿನ ಹೆಂಚು ಹಾರುವ ಹಾಗೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಅಳು ನಗು ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು.

ಹೊಸ ಸದಸ್ಯರು ಬಂದಾಗ ಸಭೆಯ ಪ್ರತಿಯೊಬ್ಬರೂ ಸಾಲಾಗಿ ಹೋಗಿ ಬಲಗೈ ಕೊಟ್ಟು ಬರಮಾಡಿಕೊಳ್ಳುವುದು ನಮ್ಮ ಪದ್ಧತಿ. ಗಂಡಸರಾದರೆ ಸಹೋದರರೇ ಎನ್ನಬೇಕು, ಹೆಂಗಸರಾದರೆ ಸಹೋದರಿ. ವಿರುದ್ಧ ಎತ್ತಿದವರೂ ಕೈ ಕೊಡಲೇಬೇಕು. ಸಭೆ ತೀರ್ಮಾನ ಮಾಡಿದ ಮೇಲೆ ಅದು ಎಲ್ಲರ ತೀರ್ಮಾನ. ಎಲೀಸಮ್ಮ ಮೊದಲು ಹೋದಳು. ನಾನು ಹಿಂದೆ ಹಿಂದೆ ಸರಿದು ಸಾಲಿನ ಕೊನೆಯಲ್ಲಿ ನಿಂತೆ. ಸಾಲು ಸಣ್ಣದು, ಬೇಗ ಕರಗಿತು.

ಎದುರಿಗೆ ನಿಂತಾಗ ಗೊತ್ತಾಯಿತು, ಮೂವತ್ತು ವರ್ಷ ಸಂಸಾರ ಮಾಡಿದ್ದರೂ ನಾವಿಬ್ಬರೂ ಒಮ್ಮೆಯೂ ಕೈ ಕುಲುಕಿರಲಿಲ್ಲ. ಯಾವ ಗಂಡ ಹೆಂಡತಿ ಕುಲುಕುತ್ತಾರೆ? ಅವರು ಬಹಳ ಗಂಭೀರವಾಗಿ ಕೈ ಚಾಚಿದರು. ಬೆರಳುಗಳಲ್ಲಿ ಕಡಲೆಕಾಯಿಯ ವಾಸನೆ. ಇಡೀ ಸಭೆ ಕಿವಿಯಾಗಿ ನಿಂತಿತ್ತು.

“ಸಭೆಗೆ ಬನ್ನಿ... ಸಹೋದರರೇ,” ಎಂದೆ.

“ವಂದನೆ ಸಹೋದರಿ,” ಎಂದರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ, “ಚೆನ್ನಾಗಿ ಎತ್ತಿದೆ ಕಣೇ,” ಎಂದರು.

ಕೈ ಕೈಯಲ್ಲೇ ಇತ್ತು. ಎಷ್ಟು ಹೊತ್ತು ನಿಂತೆವೋ ಕಾಣೆ. ಹಿಂದಿನಿಂದ ಎಲೀಸಮ್ಮನ ಕೋಲು ಟಕ್ಕೆಂದಿತು. “ಸಾಕು ಕೈ ಬಿಡ್ರವ್ವಾ, ಮನೇಲಿ ಸಾರು ಆರೋಗ್ತಾ ಐತೆ!”

ಬಿಡದೆ ಹಿಡಿದುಕೊಂಡು ನಿಂತದ್ದು ನಾನೇ ಎಂದು ನಮ್ಮವರು ಎಲ್ಲರ ಹತ್ತಿರವೂ ಹೇಳಿಕೊಂಡು ಬರುತ್ತಿದ್ದಾರೆ. ಅವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ.